ಹಾಲಿನ ಚೀಟಿ ಹಿಡಿದು ಎಂಐಎಸ್ ಪಾಠ

ನಾನು ಬಿಕಾಂ, ಬಿಬಿಎ ಮಕ್ಕಳಿಗೆ ಪಾಠ ಮಾಡುವವಳು. ಹಾಸನ ಜಿಲ್ಲೆಯ ಒಂದು ಚಿಕ್ಕ ಊರಿನ ಕಾಲೇಜು. ನನ್ನ ಕ್ಲಾಸಿನ ಅರ್ಧಕ್ಕಿಂತ ಜಾಸ್ತಿ ಮಕ್ಕಳು ಬೆಳಿಗ್ಗೆ ಡೈರಿಗೆ ಹಾಲು ಹಾಕಿ, ಆಮೇಲೆ ಬಸ್ಸು ಹಿಡಿದು ಬರುವವರು. ಮೊದಲ ಪೀರಿಯಡ್‌ನಲ್ಲಿ ಆಕಳಿಸಿದರೆ ನಾನು ಬೈಯುವುದಿಲ್ಲ. ಅವರು ಎದ್ದು ಆಗಲೇ ನಾಲ್ಕು ತಾಸು ಆಗಿರುತ್ತೆ.

ಮ್ಯಾನೇಜ್‌ಮೆಂಟ್ ಇನ್ಫರ್ಮೇಷನ್ ಸಿಸ್ಟಮ್, ಚಿಕ್ಕದಾಗಿ ಎಂಐಎಸ್, ಅಂದರೆ ವ್ಯವಹಾರದ ಮಾಹಿತಿಯನ್ನು ಕೂಡಿಸಿ ನಿರ್ಧಾರ ಮಾಡುವವರಿಗೆ ತಲುಪಿಸುವ ವ್ಯವಸ್ಥೆ, ಅನ್ನುವ ಪೇಪರ್ ನನ್ನ ಪಾಲಿಗೆ ಬಂದದ್ದು ಯಾರಿಗೂ ಬೇಡವಾಗಿದ್ದರಿಂದ. ಕಂಪ್ಯೂಟರ್ ವಿಭಾಗದವರು "ಇದು ಕಾಮರ್ಸ್ ಪೇಪರ್" ಅಂದರು. ಕಾಮರ್ಸ್‌ನವರು "ಹೆಸರಲ್ಲೇ ಸಿಸ್ಟಮ್ ಅಂತಿದೆಯಲ್ಲ, ಕಂಪ್ಯೂಟರ್‌ನವರೇ ಮಾಡಲಿ" ಅಂದರು. ಹೊಸದಾಗಿ ಸೇರಿದವಳು ನಾನು. ನನ್ನ ತಲೆಗೆ ಬಂತು.

ಮೊದಲ ವರ್ಷ ನಾನು ಮಾಡಿದ್ದು ಪಾಠ ಅಲ್ಲ, ಡಿಕ್ಟೇಷನ್. ದತ್ತಾಂಶವನ್ನು ಸಂಸ್ಕರಿಸಿದಾಗ ದೊರೆಯುವುದೇ ಮಾಹಿತಿ. ಮಕ್ಕಳು ಬರೆದುಕೊಂಡರು. ಕೆಳಗೆ ವ್ಯವಹಾರ ದಾಖಲಿಸುವ ವ್ಯವಸ್ಥೆ, ನಡುವೆ ಮ್ಯಾನೇಜರ್‌ಗಳ ವರದಿ, ಮೇಲೆ ದೊಡ್ಡವರ ನಿರ್ಧಾರ ಅಂತ ಎಲ್ಲ ಪುಸ್ತಕದಲ್ಲೂ ಒಂದು ತ್ರಿಕೋನ ಇರುತ್ತಲ್ಲ, ಅದನ್ನೂ ಬರೆದುಕೊಂಡರು. ಸ್ಕೆಚ್ ಪೆನ್ನಿನಲ್ಲಿ ಎಷ್ಟು ಚೆನ್ನಾಗಿ ಬಣ್ಣ ಹಾಕಿದ್ದರು ಅಂದರೆ ನನಗೇ ಖುಷಿಯಾಗಿತ್ತು. ವೈವಾದಲ್ಲಿ ಒಬ್ಬನನ್ನು ಕೇಳಿದೆ, "ಈ ತ್ರಿಕೋನದ ತಳದಲ್ಲಿ ಏನಿರುತ್ತಪ್ಪಾ?" ಅವನು ತುಂಬ ಹೊತ್ತು ಯೋಚಿಸಿ ಹೇಳಿದ, "ಹಸಿರು ಬಣ್ಣ, ಮೇಡಂ."

ತಪ್ಪು ಅವನದಲ್ಲ. ಅಲ್ಲಿ ಏನಿರುತ್ತೆ ಅಂತ ನಾನೂ ತೋರಿಸಿರಲಿಲ್ಲ.

ಮಾರನೇ ವರ್ಷ ಒಂದು ದಿನ ಪಾಠದ ಮಧ್ಯೆ ಒಬ್ಬಳು ಹುಡುಗಿ ಪುಸ್ತಕ ತೆಗೆಯುವಾಗ ಒಂದು ಸಣ್ಣ ಚೀಟಿ ಕೆಳಗೆ ಬಿತ್ತು. ಡೈರಿಯ ಚೀಟಿ. ಯಂತ್ರದಿಂದ ಬರುತ್ತಲ್ಲ, ಎರಡು ಬೆರಳಗಲದ ತೆಳ್ಳನೆಯ ಕಾಗದ, ಅದು. ಎತ್ತಿಕೊಂಡವಳು ಹಾಗೇ ಓದಿದೆ. ಸದಸ್ಯರ ನಂಬರ್. ತಾರೀಖು. ಬೆಳಗಿನ ಪಾಳಿ. 6.2 ಲೀಟರ್. ಫ್ಯಾಟ್ 3.8. ಎಸ್‌ಎನ್‌ಎಫ್ 8.4, ಅಂದರೆ ಕೊಬ್ಬು ಬಿಟ್ಟು ಹಾಲಿನಲ್ಲಿರುವ ಘನಾಂಶ. ದರ 33.50. ಮೊತ್ತ 207.70.

"ಇದನ್ನ ಏನು ಮಾಡ್ತೀರ ಮನೇಲಿ?" ಅಂತ ಕೇಳಿದೆ.

"ಅಮ್ಮ ನೋಡ್ತಾರೆ ಮೇಡಂ. ಫ್ಯಾಟ್ ಕಮ್ಮಿ ಬಂದ್ರೆ ನನ್ನನ್ನ ಬೈತಾರೆ."

"ನಿನ್ನನ್ನ ಯಾಕೆ?"

"ಹಿಂಡಿ ಇಡೋದು ನಾನು."

ಆವತ್ತು ಪುಸ್ತಕ ಮುಚ್ಚಿಟ್ಟೆ. ಬೋರ್ಡ್ ಮೇಲೆ ಆ ಚೀಟಿಯನ್ನು ದೊಡ್ಡದಾಗಿ ಬರೆದೆ. ಇದನ್ನು ಯಾರು ಯಾರು ನೋಡುತ್ತಾರೆ, ನೋಡಿ ಏನು ಮಾಡುತ್ತಾರೆ ಅಂತ ಕೇಳಿದೆ. ನನ್ನ ಕ್ಲಾಸಿನಲ್ಲಿ ಅಷ್ಟು ಗಲಾಟೆ ಅದುವರೆಗೆ ಆಗಿರಲಿಲ್ಲ. ಎಲ್ಲರಿಗೂ ಗೊತ್ತು. ನನಗಿಂತ ಚೆನ್ನಾಗಿ ಗೊತ್ತು.

ಮನೆಯ ಹೆಂಗಸು ಫ್ಯಾಟ್ ನೋಡುತ್ತಾಳೆ. ಇದ್ದಕ್ಕಿದ್ದಂತೆ ಇಳಿದರೆ ಮೇವು, ಹಿಂಡಿ, ಬೂಸಾ ಕಡೆ ಗಮನ ಹೋಗುತ್ತೆ, ಇಲ್ಲವೇ ಹಸುವಿಗೆ ಹುಷಾರಿಲ್ಲವಾ ಅಂತ ನೋಡುತ್ತಾಳೆ. ಸಂಘದ ಕಾರ್ಯದರ್ಶಿಗೆ ಒಬ್ಬೊಬ್ಬರ ಫ್ಯಾಟ್‌ಗಿಂತ ಒಟ್ಟು ಲೀಟರ್ ಮುಖ್ಯ. ಕ್ಯಾನಿಗೆ ಬಿದ್ದ ಹಾಲು, ಚೀಟಿಗಳ ಮೊತ್ತ, ಎರಡೂ ತಾಳೆಯಾಗಬೇಕು. ಜಿಲ್ಲಾ ಒಕ್ಕೂಟದವರಿಗೆ ಈ ಚೀಟಿ ಕಾಣುವುದೇ ಇಲ್ಲ. ಅವರಿಗೆ ಬೇಕಾದದ್ದು ಯಾವ ರೂಟಿನಲ್ಲಿ ಎಷ್ಟು ಹಾಲು, ಟ್ಯಾಂಕರ್ ಎಷ್ಟು ಹೊತ್ತಿಗೆ ಹೊರಡಬೇಕು ಅನ್ನುವುದು. ಇನ್ನೂ ಮೇಲೆ ಕೆಎಂಎಫ್. ಮಳೆ ಬಿದ್ದು ಹಸಿರು ಮೇವು ಸಿಕ್ಕಾಗ ಹಾಲು ಜಾಸ್ತಿ ಬರುತ್ತೆ. ಪ್ಯಾಕೆಟ್ಟಿನಲ್ಲಿ ಮಾರಿ ಮಿಕ್ಕಿದ್ದನ್ನು ಎಷ್ಟು ಪುಡಿ ಮಾಡಿಸಬೇಕು, ಎಷ್ಟು ಬೆಣ್ಣೆ ತೆಗೆಯಬೇಕು ಅಂತ ಅಲ್ಲಿ ಯಾರೋ ತೀರ್ಮಾನ ಮಾಡಬೇಕು. ಆ ತೀರ್ಮಾನದ ತಳದಲ್ಲಿರುವುದು ಈ ಹುಡುಗಿಯ ಮನೆಯ 6.2 ಲೀಟರ್. ಅದರ ಜೊತೆಗೆ ಸರ್ಕಾರದ ಪ್ರೋತ್ಸಾಹಧನ ಲೀಟರಿಗೆ ಇಷ್ಟು ಅಂತ ಬ್ಯಾಂಕ್ ಖಾತೆಗೆ ಬರುತ್ತಲ್ಲ, ಅದಕ್ಕೂ ಲೆಕ್ಕ ಇಲ್ಲಿಂದಲೇ.

"ಈಗ ಹೇಳಿ, ತ್ರಿಕೋನದ ತಳದಲ್ಲಿ ಏನಿದೆ?" ಅಂದೆ. "ಹಸು ಮೇಡಂ" ಅಂತ ಹಿಂದಿನ ಬೆಂಚಿಂದ ಒಂದು ದನಿ. ಹಸಿರು ಬಣ್ಣಕ್ಕಿಂತ ಇದು ವಾಸಿ.

ಚೀಟಿಯಿಂದ ನಾನು ಇನ್ನೊಂದು ಮಾತು ಹೊರಡಿಸಿದೆ. ಈ ವ್ಯವಸ್ಥೆಗೆ ಕಂಪ್ಯೂಟರ್ ಬರುವ ಮೊದಲೂ ಹಾಲಿನ ಡೈರಿ ಇತ್ತಲ್ಲ? ಇತ್ತು. ನಮ್ಮ ರಾಜ್ಯದಲ್ಲಿ ಗುಜರಾತಿನ ಆನಂದ್ ಊರಿನ ಮಾದರಿಯ ಹಾಲಿನ ಸಹಕಾರ ಸಂಘಗಳ ಕೆಲಸ ಶುರುವಾದದ್ದು 1974ರಲ್ಲಿ. ಆಗ ಗಾಜಿನ ಕೊಳವೆಗೆ ಹಾಲು, ಆಸಿಡ್ ಹಾಕಿ, ಗರಗರ ತಿರುಗಿಸಿ, ಮೇಲೆ ತೇಲಿದ ಕೊಬ್ಬಿನ ಗೆರೆ ನೋಡಿ ಫ್ಯಾಟ್ ಹೇಳುತ್ತಿದ್ದರು. ಪುಸ್ತಕದಲ್ಲಿ ಕೈಯಲ್ಲಿ ಬರೆಯುತ್ತಿದ್ದರು. ಅದೂ ಮಾಹಿತಿ ವ್ಯವಸ್ಥೆಯೇ. ಯಂತ್ರ ಬಂದು ಮಾಡಿದ್ದು ಒಂದೇ. ಆ ಫ್ಯಾಟ್‌ನ ಅಂಕಿ ಹಾಲು ಹಾಕಿದ ನಿಮಿಷದಲ್ಲೇ ಹಾಲು ಹಾಕಿದವಳ ಕೈಗೆ ಬಂತು. ನನ್ನ ಪ್ರಕಾರ ಈ ಪೇಪರಿನ ಅರ್ಧ ಸಿಲಬಸ್ ಇಷ್ಟೇ. ಯಾರು ಬರೆಯುತ್ತಾರೆ, ಯಾರಿಗೆ ಕಾಣುತ್ತೆ, ಎಷ್ಟು ಬೇಗ ಕಾಣುತ್ತೆ. ಉಳಿದದ್ದು ವೈರು, ಡಬ್ಬ.

ನಮ್ಮಪ್ಪನದು ಕಿರಾಣಿ ಅಂಗಡಿ. ಹಾಗಾಗಿ ಡೇಟಾಬೇಸ್ ಪಾಠಕ್ಕೆ ನನಗೆ ಬೇರೆ ಉದಾಹರಣೆ ಬೇಕಿಲ್ಲ. ಅಪ್ಪನ ಹತ್ತಿರ ಉದ್ದನೆಯ ಕೆಂಪು ರಟ್ಟಿನ ಉದ್ರಿ ಪುಸ್ತಕ ಇತ್ತು. ಊರಿನಲ್ಲಿ ನಾಲ್ಕು ಜನ ಸಾವಿತ್ರಮ್ಮಂದಿರು. ಅಪ್ಪ ಒಂದು ಪುಟದ ಮೇಲೆ "ಟೈಲರ್ ಪಕ್ಕದ ಮನೆ ಸಾವಿತ್ರಮ್ಮ" ಅಂತ ಬರೆದಿದ್ದರು. ಚೆನ್ನಾಗೇ ನಡೀತಿತ್ತು. ಆಮೇಲೆ ಟೈಲರ್ ಬಸ್‌ಸ್ಟ್ಯಾಂಡ್ ಹತ್ತಿರ ಮನೆ ಮಾಡಿದ. ಅಲ್ಲಿ ಅವನ ಪಕ್ಕದ ಮನೆಯಲ್ಲೂ ಒಬ್ಬರು ಸಾವಿತ್ರಮ್ಮ! ಒಂದು ಹಬ್ಬಕ್ಕೆ ಅಪ್ಪ ಊರಿಗೆ ಹೋಗಿದ್ದಾಗ ಅಂಗಡಿಯಲ್ಲಿ ಕೂತಿದ್ದವಳು ನಾನು. ಬಸ್‌ಸ್ಟ್ಯಾಂಡಿನ ಸಾವಿತ್ರಮ್ಮನ ಎರಡು ಕೆಜಿ ಸಕ್ಕರೆ, ಅರ್ಧ ಕೆಜಿ ತೊಗರಿಬೇಳೆಯನ್ನು ಹಳೇ ಸಾವಿತ್ರಮ್ಮನ ಪುಟಕ್ಕೆ ಏರಿಸಿದೆ. ತಿಂಗಳ ಕೊನೆಗೆ ಅಂಗಡಿ ಮುಂದೆ ಎಷ್ಟು ದೊಡ್ಡ ಜಗಳ ಆಯ್ತು ಅಂದರೆ, ಹಳೇ ಸಾವಿತ್ರಮ್ಮ ಎರಡು ವರ್ಷ ನಮ್ಮ ಅಂಗಡಿ ಮೆಟ್ಟಿಲು ಹತ್ತಲಿಲ್ಲ.

ಪ್ರೈಮರಿ ಕೀ ಅಂದರೇನು ಅಂತ ಪುಸ್ತಕದಲ್ಲಿ ಒಂದು ಸಾಲು ಇದೆ. ಪ್ರತಿ ದಾಖಲೆಯನ್ನು ಬೇರೆಯಾಗಿ ಗುರುತಿಸುವ ಅಂಶ ಅಂತ. ಅದು ಸರಿ. ಆದರೆ ಸಾವಿತ್ರಮ್ಮ ನನಗೆ ಕಲಿಸಿದ್ದು ಅದರ ಮುಂದಿನ ಸಾಲು. ಬದಲಾಗುವಂಥದ್ದನ್ನು ಗುರುತಾಗಿ ಇಟ್ಟುಕೊಳ್ಳಬಾರದು. ಟೈಲರ್ ಮನೆ ಬದಲಾಗುತ್ತೆ. ಫೋನ್ ನಂಬರ್ ಬದಲಾಗುತ್ತೆ. ನಮ್ಮ ಮಕ್ಕಳಂತೂ ಆಫರ್ ಬಂದ ಹಾಗೆಲ್ಲ ಸಿಮ್ ಬದಲಾಯಿಸುತ್ತಾರೆ. ಕ್ಲಾಸಿನಲ್ಲಿ ಇದನ್ನು ತೋರಿಸುವುದು ಬಹಳ ಸುಲಭ. "ಮಂಜುನಾಥ, ಎದ್ದು ನಿಲ್ಲಪ್ಪ" ಅನ್ನುತ್ತೇನೆ. ಮೂವರು ಎದ್ದು ನಿಲ್ಲುತ್ತಾರೆ. ಇನ್ನೊಬ್ಬ ಅರ್ಧ ಎದ್ದು, "ಮೇಡಂ, ನಾನು ಮಂಜುನಾಥ್‌ಗೌಡ, ನಾನೂನಾ?" ಅನ್ನುತ್ತಾನೆ.

ಈಗ ನನ್ನದೇ ಒಂದು ತಪ್ಪು. ಒಂದು ಸಲ ಇಂಟರ್ನಲ್ ಮಾರ್ಕ್ಸ್ ಟೈಪ್ ಮಾಡುವಾಗ ಒಬ್ಬನಿಗೆ 21ರ ಬದಲು 12 ಹಾಕಿಬಿಟ್ಟೆ. ಪಾಪ, ಅವನು ಮೂರು ದಿನ ಬಾಯಿ ಬಿಡಲಿಲ್ಲ. ಆಮೇಲೆ ಸ್ಟಾಫ್‌ರೂಮ್ ಬಾಗಿಲಲ್ಲಿ ನಿಂತು, "ಮೇಡಂ, ನಾನು ಅಷ್ಟು ಕೆಟ್ಟದಾಗಿ ಬರೆದಿದ್ನಾ?" ಅಂದ. ಪೇಪರ್ ತೆಗೆದು ನೋಡಿದರೆ ನನ್ನ ಬೆರಳಿನ ತಪ್ಪು. ನಾಚಿಕೆ ಆಯ್ತು. ಆದರೆ ಆ ತಪ್ಪನ್ನು ಹಾಗೇ ಕ್ಲಾಸಿಗೆ ಒಯ್ದೆ.

21ರಲ್ಲಿ 12 ಕಳೆದರೆ 9. ಎರಡು ಅಂಕಿ ಅದಲು ಬದಲಾದಾಗ ಬರುವ ವ್ಯತ್ಯಾಸ ಯಾವಾಗಲೂ 9ರಿಂದ ಭಾಗವಾಗುತ್ತೆ. 62 ಬದಲು 26 ಬರೆದರೆ 36. 540 ಬದಲು 450 ಬರೆದರೆ 90. ಟ್ರಯಲ್ ಬ್ಯಾಲೆನ್ಸ್, ಅಂದರೆ ಲೆಕ್ಕದ ಎರಡೂ ಬದಿಯ ಮೊತ್ತ, ತಾಳೆಯಾಗದಾಗ ಹಳೇ ಗುಮಾಸ್ತರು ಮೊದಲು ವ್ಯತ್ಯಾಸವನ್ನು 9ರಿಂದ ಭಾಗಿಸಿ ನೋಡುತ್ತಿದ್ದದ್ದು ಇದಕ್ಕೇ. ಬಿಕಾಂ ಮಕ್ಕಳಿಗೆ ಇದು ಅಕೌಂಟ್ಸ್ ಕ್ಲಾಸಿನ ವಿದ್ಯೆ. ಇದೇ ವಿದ್ಯೆಯ ತಮ್ಮ ಬಾರ್‌ಕೋಡಿನಲ್ಲಿ ಕೂತಿದ್ದಾನೆ ಅಂದರೆ ನಂಬಲಿಲ್ಲ. ಎಲ್ಲರೂ ಮನೆಯಿಂದ ಒಂದೊಂದು ಸೋಪಿನ, ಬಿಸ್ಕತ್ತಿನ ಖಾಲಿ ಕವರ್ ತನ್ನಿ ಅಂದೆ.

ಬಾರ್‌ಕೋಡ್ ಕೆಳಗೆ 13 ಅಂಕಿ. ನಮ್ಮಲ್ಲಿ ಹೆಚ್ಚಿನವು 890ರಿಂದ ಶುರು. 890 ಅಂದರೆ ಆ ನಂಬರ್ ಭಾರತದ ಸಂಸ್ಥೆಯಲ್ಲಿ ನೋಂದಣಿಯಾಗಿದೆ ಅಂತ ಅರ್ಥ, ವಸ್ತು ಇಲ್ಲೇ ತಯಾರಾಯ್ತು ಅಂತ ಅಲ್ಲ. ವಾಟ್ಸಾಪ್ ಬೇರೆ ಹೇಳುತ್ತೆ, ಬಿಡಿ. ಕೊನೆಯ ಅಂಕಿ ಕಾವಲುಗಾರ. ಮೊದಲ 12 ಅಂಕಿಗಳನ್ನು ಎಡದಿಂದ 1, 3, 1, 3 ಅಂತ ಗುಣಿಸುತ್ತಾ ಹೋಗಿ ಕೂಡಿಸಬೇಕು. ಮೊತ್ತವನ್ನು ಮುಂದಿನ ಹತ್ತಕ್ಕೆ ಮುಟ್ಟಿಸಲು ಎಷ್ಟು ಬೇಕೋ ಅದೇ 13ನೇ ಅಂಕಿ. ಬೋರ್ಡ್ ಮೇಲೆ ಸುಮ್ನೆ 890123456789 ಅಂತ ಬರೆದೆ. ಮೊತ್ತ 130 ಬಂತು. ಹತ್ತಕ್ಕೆ ಸರಿಯಾಗಿ ಮುಟ್ಟಿದೆ, ಹಾಗಾಗಿ ಕೊನೆಗೆ 0. ಅದರಲ್ಲಿ 1, 2 ಅದಲು ಬದಲು ಮಾಡಿ. ಮೊತ್ತ 132. ಈಗ ಕೊನೆಯ ಅಂಕಿ 8 ಬರಬೇಕು, ಅಲ್ಲಿ 0 ಇದೆ. ಯಂತ್ರ ಕೂಡಲೇ "ಇದು ಸರಿ ಇಲ್ಲ" ಅನ್ನುತ್ತೆ.

ಇಷ್ಟಕ್ಕೆ ಮುಗಿಯಿತು ಅಂದುಕೊಂಡಿದ್ದೆ. ಮಾರನೇ ದಿನ ಒಬ್ಬ ಹುಡುಗ ಬಂದ. ಮಾರ್ಕ್ಸ್ ವಿಷಯದಲ್ಲಿ ಮೂರು ದಿನ ಸುಮ್ಮನಿದ್ದನಲ್ಲ, ಅವನೇ. "ಮೇಡಂ, ಪಕ್ಕಪಕ್ಕದಲ್ಲಿ 2, 7 ಇದ್ದರೆ ಅದಲು ಬದಲು ಮಾಡಿದರೂ ಗೊತ್ತಾಗಲ್ಲ." ಕೂತು ನೋಡಿದೆ. ಒಂದು ರೀತಿ 23, ಇನ್ನೊಂದು ರೀತಿ 13. ವ್ಯತ್ಯಾಸ ಸರಿಯಾಗಿ 10. ಕಾವಲುಗಾರನಿಗೆ ಎರಡೂ ಒಂದೇ. ಐದರ ಅಂತರ ಇರುವ ಯಾವ ಜೋಡಿಗೂ ಹೀಗೇ. ನಾನು ಅದನ್ನು ಯಾವತ್ತೂ ಗಮನಿಸಿರಲಿಲ್ಲ. ಆ ಸಲ ಅವನಿಗೆ ಇಂಟರ್ನಲ್ಸ್‌ನಲ್ಲಿ ಎಷ್ಟು ಕೊಟ್ಟೆ ಅಂತ ಇಲ್ಲಿ ಬರೆಯುವುದಿಲ್ಲ.

ಅಂಗಡಿ ಬಿಲ್ಲಿನ ಜಿಎಸ್‌ಟಿ ನಂಬರ್‌ನಲ್ಲೂ ಇದೇ ಥರ ಕೊನೆಯ ಅಕ್ಷರ ಕಾವಲಿಗೆ ಇದೆ. 15 ಅಕ್ಷರದಲ್ಲಿ ಮೊದಲ ಎರಡು ರಾಜ್ಯದ್ದು, ಕರ್ನಾಟಕಕ್ಕೆ 29. ಮುಂದಿನ ಹತ್ತು ಪ್ಯಾನ್ ನಂಬರ್. ಆ ಪ್ಯಾನ್‌ನ ನಾಲ್ಕನೇ ಅಕ್ಷರ ನೋಡಿದರೆ ಅಂಗಡಿ ಒಬ್ಬನದೋ, ಪಾಲುದಾರರದೋ, ಕಂಪನಿಯದೋ ಗೊತ್ತಾಗುತ್ತೆ. ಪಿ ಇದ್ದರೆ ಒಬ್ಬ ವ್ಯಕ್ತಿ, ಎಫ್ ಇದ್ದರೆ ಪಾಲುದಾರಿಕೆ, ಸಿ ಇದ್ದರೆ ಕಂಪನಿ. ಇದು ಗೊತ್ತಾದ ಮೇಲೆ ಒಂದು ವಾರ ಮಕ್ಕಳು ಹೋಟೆಲಿನಲ್ಲಿ ದೋಸೆ ತಿಂದರೂ ಬಿಲ್ಲು ಇಸಿದುಕೊಂಡು ಪತ್ತೇದಾರಿಕೆ ಮಾಡುತ್ತಿದ್ದರು.

"ಮೇಡಂ, ಟ್ಯಾಲಿ ಬಂದರೆ ಸಾಕಲ್ವಾ? ಇದೆಲ್ಲ ಯಾಕೆ?" ಟ್ಯಾಲಿ ಅಂದರೆ ಲೆಕ್ಕ ಇಡುವ ಸಾಫ್ಟ್‌ವೇರ್. ಈ ಪ್ರಶ್ನೆ ಪ್ರತಿ ವರ್ಷ ಬರುತ್ತೆ. ನ್ಯಾಯವಾದ ಪ್ರಶ್ನೆಯೇ. ಟ್ಯಾಲಿ ಕಲಿತವರಿಗೆ ಆಡಿಟರ್ ಆಫೀಸಿನಲ್ಲಿ ಕೆಲಸ ಸಿಗುತ್ತೆ, ಎಂಐಎಸ್ ತ್ರಿಕೋನ ಬರೆದವರಿಗೆ ಸಿಗುವುದಿಲ್ಲ. ಆಗ ನಾನು ಟ್ಯಾಲಿಯ ಕತೆಯನ್ನೇ ಹೇಳುತ್ತೇನೆ. ಅದು ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲೇ, 1986ರಲ್ಲಿ. ಶ್ಯಾಮ್ ಸುಂದರ್ ಗೋಯೆಂಕಾ ಅವರಿಗೆ ತಮ್ಮ ವ್ಯಾಪಾರದ ಲೆಕ್ಕಕ್ಕೆ ಹೊಂದುವ ಸಾಫ್ಟ್‌ವೇರ್ ಸಿಗಲಿಲ್ಲ. ಗಣಿತ ಓದಿದ ಮಗ ಭರತ್‌ಗೆ ನೀನೇ ಬರಿ ಅಂದರು. ಅಪ್ಪನಿಗೆ ಏನು ಬೇಕು ಅಂತ ಗೊತ್ತಿತ್ತು. ಮಗನಿಗೆ ಬರೆಯಲು ಗೊತ್ತಿತ್ತು. "ಈಗ ಹೇಳಿ, ನೀವು ಬಿಬಿಎದವರು ಇಲ್ಲಿ ಯಾರ ಕುರ್ಚಿಯಲ್ಲಿ ಕೂರುತ್ತೀರಿ?" ಅಪ್ಪನ ಕುರ್ಚಿಯಲ್ಲಿ. ಆ ಕುರ್ಚಿಯಲ್ಲಿ ಕೂತವನಿಗೆ ತನ್ನ ಅಂಗಡಿಗೆ ಏನು ಬೇಕು ಅಂತ ಬಿಡಿಸಿ ಹೇಳಲು ಬರಬೇಕು. ಅದು ಬರದವನಿಗೆ ಎಷ್ಟು ದುಡ್ಡಿನ ಸಾಫ್ಟ್‌ವೇರ್ ತಂದರೂ ಅಷ್ಟೇ.

ಇನ್ನೊಂದು ಕತೆ ಇಂಗ್ಲೆಂಡಿನದು. ವ್ಯಾಪಾರದ ಕೆಲಸಕ್ಕೆ ಮೊದಲು ದುಡಿದ ಕಂಪ್ಯೂಟರ್ ಯಾರದು ಅಂತ ಕೇಳಿದರೆ ಮಕ್ಕಳು ಅಮೆರಿಕದ ದೊಡ್ಡ ದೊಡ್ಡ ಹೆಸರು ಹೇಳುತ್ತಾರೆ. ಅದು ಟೀ ಅಂಗಡಿಯವರದು. ಜೆ. ಲಯನ್ಸ್ ಅಂತ ಒಂದು ಕಂಪನಿ, ಟೀ ಅಂಗಡಿಗಳು, ಕೇಕು, ಬ್ರೆಡ್ಡು ಅವರ ವ್ಯಾಪಾರ. 1947ರಲ್ಲಿ ಇಬ್ಬರು ಮ್ಯಾನೇಜರ್‌ಗಳನ್ನು ಅಮೆರಿಕಕ್ಕೆ ಕಳಿಸಿ ನೋಡಿಸಿಕೊಂಡು ಬಂದರು. ಕೇಂಬ್ರಿಡ್ಜಿನಲ್ಲಿ ಕಟ್ಟುತ್ತಿದ್ದ ಯಂತ್ರಕ್ಕೆ ದುಡ್ಡು ಕೊಟ್ಟರು. ಅದರ ಮಾದರಿಯಲ್ಲೇ ತಮ್ಮದೊಂದು ಕಟ್ಟಿಕೊಂಡು ಲಿಯೋ ಅಂತ ಹೆಸರಿಟ್ಟರು. 1951ರ ನವೆಂಬರ್‌ನಲ್ಲಿ ಅದು ಮಾಡಿದ ಮೊದಲ ಕೆಲಸ ಬೇಕರಿ ಲೆಕ್ಕ. ಆಮೇಲೆ ಟೀ ಅಂಗಡಿಗಳ ಆರ್ಡರ್ ಕೂಡ ಅದಕ್ಕೇ ಕೊಟ್ಟರು. ಅದರಲ್ಲಿ ನನಗೆ ಇಷ್ಟವಾದ ಒಂದು ವಿಷಯ ಇದೆ. ಪ್ರತಿ ಅಂಗಡಿಗೂ ದಿನಾ ಇಷ್ಟು ಅಂತ ಒಂದು ಖಾಯಂ ಆರ್ಡರ್ ಮೊದಲೇ ಇರುತ್ತಿತ್ತು. ಅಂಗಡಿ ನೋಡಿಕೊಳ್ಳುವ ಹೆಂಗಸರು ಫೋನ್ ಮಾಡಿ ಬದಲಾವಣೆ ಮಾತ್ರ ಹೇಳುತ್ತಿದ್ದರು. ಪೇಪರ್ ಹಾಕುವ ಹುಡುಗನಿಗೆ "ನಾಳೆ ಬೇಡಪ್ಪ, ಊರಿಗೆ ಹೋಗ್ತೀವಿ" ಅಂತೀವಲ್ಲ, ಅದೇ. ಹಾಸನ ಜಿಲ್ಲೆಯ ಮಕ್ಕಳಿಗೆ ಬೇಕರಿ ಕತೆ ಅಂದರೆ ಸ್ವಂತ ಮನೆ ಕತೆ. ಅಯ್ಯಂಗಾರ್ ಬೇಕರಿ ಇಟ್ಟವರಲ್ಲಿ ನಮ್ಮ ಕಡೆಯವರೇ ಬಹಳ ಜನ.

ಎಲ್ಲಕ್ಕಿಂತ ಹೆಚ್ಚು ಹೊತ್ತು ನಾನು ನಿಲ್ಲುವುದು ಪಹಣಿ ಹತ್ತಿರ. ನಮ್ಮ ತಾತ ಒಂದು ಪಹಣಿಗೆ ಎಷ್ಟು ಸಲ ಓಡಾಡಿದರು ಅಂತ ನನಗೆ ನೆನಪಿದೆ. ಹೋದಾಗಲೆಲ್ಲ ಚೀಲದಲ್ಲಿ ಎರಡು ತೆಂಗಿನಕಾಯಿ ಹಾಕಿಕೊಂಡು ಹೋಗುತ್ತಿದ್ದರು. ಕಾಯಿ ದೇವಸ್ಥಾನಕ್ಕೆ ಅಂತ ನಾನು ಬಹಳ ದಿನ ಅಂದುಕೊಂಡಿದ್ದೆ.

ಆಗ ಜಮೀನಿನ ದಾಖಲೆಗಳು ಇದ್ದದ್ದು ಸುಮಾರು 9,000 ಗ್ರಾಮ ಲೆಕ್ಕಿಗರ ಹತ್ತಿರ, ಕೈಬರಹದಲ್ಲಿ. 2000ದ ಆಸುಪಾಸಿನಲ್ಲಿ ಭೂಮಿ ಯೋಜನೆ ಬಂತು. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ಶುರುವಿನಲ್ಲಿ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬರುತ್ತಿತ್ತು. ಮಕ್ಕಳಿಗೆ ಇದೆಲ್ಲ ಗೊತ್ತು. ಗೊತ್ತಿಲ್ಲದ್ದು ಖಾತೆ ಬದಲಾವಣೆಯ ಅರ್ಜಿಯ ವಿಷಯ. ಮೊದಲು ಬಂದ ಅರ್ಜಿ ಮೊದಲು ಹೋಗಬೇಕು ಅಂತ ಸಾಫ್ಟ್‌ವೇರಿನಲ್ಲೇ ಕಟ್ಟಿಬಿಟ್ಟರು. 40ನೇ ಅರ್ಜಿಯನ್ನು ಬಿಟ್ಟು 57ನೆಯದನ್ನು ಮುಂದೆ ತೆಗೆದುಕೊಳ್ಳಲು ಆಗುವುದಿಲ್ಲ. ಯಾರು ಲಾಗಿನ್ ಆಗಿದ್ದರು ಅನ್ನುವುದಕ್ಕೆ ಬೆರಳಚ್ಚು. ಅಂದರೆ ಇಲ್ಲಿ ಕಂಪ್ಯೂಟರ್ ವೇಗ ಕೊಟ್ಟದ್ದು ಸಣ್ಣ ಮಾತು. ಸಾಲು ಮುರಿಯುವ ಅಧಿಕಾರವನ್ನು ಒಂದು ಮೇಜಿನಿಂದ ತೆಗೆದುಹಾಕಿತು, ಅದು ದೊಡ್ಡ ಮಾತು.

"ಹಾಗಾದ್ರೆ ಲಂಚ ನಿಂತುಹೋಯ್ತಾ ಮೇಡಂ?" ಇಡೀ ಕ್ಲಾಸು ನಕ್ಕಿತು. ನಾನೂ ನಕ್ಕೆ. ಬೇರೆ ಮೇಜುಗಳು ಇವೆಯಲ್ಲ. ಎಲ್ಲರ ಜಮೀನಿನ ವಿವರ ಒಂದೇ ಕಡೆ ಸಿಗುವಂತಾದಾಗ ಬೆಂಗಳೂರಿನ ಸುತ್ತಮುತ್ತ ಜಮೀನು ಕೊಳ್ಳುವ ದೊಡ್ಡವರಿಗೇ ಹೆಚ್ಚು ಅನುಕೂಲವಾಯ್ತು ಅಂತ ಬರೆದವರೂ ಇದ್ದಾರೆ. ಅದನ್ನೂ ಹೇಳುತ್ತೇನೆ. ಡೈರಿ ಚೀಟಿಗೆ ಕೇಳಿದ ಪ್ರಶ್ನೆಯನ್ನೇ ಪಹಣಿಗೂ ಕೇಳಬೇಕು. ಯಾರಿಗೆ ಕಾಣುತ್ತೆ? ಕಂಡವನು ಏನು ಮಾಡುತ್ತಾನೆ?

ಈಗ ನಾನು ಪರೀಕ್ಷೆಗೆ ಮೊದಲು ಒಂದೇ ಅಸೈನ್‌ಮೆಂಟ್ ಕೊಡುತ್ತೇನೆ. ಊರಿನ ಯಾವುದಾದರೂ ಒಂದು ವ್ಯಾಪಾರ ಹಿಡಿಯಿರಿ. ಒಂದು ಚೀಟಿ ಹುಟ್ಟಿದಲ್ಲಿಂದ ಅದು ಸಾಯುವವರೆಗೆ ಅದರ ಹಿಂದೆ ಹೋಗಿ. ಒಬ್ಬ ಪ್ರೈವೇಟ್ ಬಸ್ಸಿನ ಕಂಡಕ್ಟರ್ ಜೊತೆ ಎರಡು ದಿನ ಓಡಾಡಿ ಟ್ರಿಪ್ ಶೀಟಿನ ಬಗ್ಗೆ ಬರೆದ. ಇನ್ನೊಬ್ಬಳು ಕಾಲೇಜು ಗೇಟಿನ ಟೀ ಅಂಗಡಿಯ ಸೌಂಡ್ ಬಾಕ್ಸ್ ಬಗ್ಗೆ ಬರೆದಳು. ಯುಪಿಐ ಬಂದದ್ದು 2016ರಲ್ಲಿ ಅಂತ ಶುರುಮಾಡಿ, ಅದು ಗೂಗಲ್‌ನಲ್ಲೂ ಸಿಗುತ್ತೆ, ಆಮೇಲೆ ಒಂದು ಸೊಗಸಾದ ಮಾತು ಬರೆದಿದ್ದಳು. "ಟೀ ಸೋಸುವಾಗ ಅಂಕಲ್‌ಗೆ ಎರಡೂ ಕೈ ಕೆಲಸದಲ್ಲಿರುತ್ತೆ, ಕಣ್ಣು ಹಾಲಿನ ಮೇಲಿರುತ್ತೆ. ಕಿವಿ ಮಾತ್ರ ಖಾಲಿ. ಅದಕ್ಕೇ ದುಡ್ಡು ಬಂದದ್ದನ್ನು ಡಬ್ಬ ಕೂಗಿ ಹೇಳುತ್ತೆ." ಇಂಟರ್‌ಫೇಸ್, ಅಂದರೆ ಯಂತ್ರ ಮನುಷ್ಯನ ಜೊತೆ ಮಾತಾಡುವ ರೀತಿ, ಅದರ ಬಗ್ಗೆ ನಾನು ಇದಕ್ಕಿಂತ ಚೆನ್ನಾಗಿ ಹೇಳಲಾರೆ.

ಮೊದಲು ಚೀಟಿ ಬೀಳಿಸಿದ ಹುಡುಗಿ ಈಗ ಪಾಸಾಗಿ ಹೋಗಿದ್ದಾಳೆ, ತಾಲ್ಲೂಕಿನ ಒಂದು ಆಡಿಟರ್ ಆಫೀಸಿನಲ್ಲಿ ಕೆಲಸ. ಅವಳ ಚೀಟಿ ನನ್ನ ಹತ್ತಿರವೇ ಉಳಿದುಬಿಟ್ಟಿತ್ತು. ವಾಪಸ್ ಕೊಡಿ ಅಂತ ಅವಳು ಆಗ ಎರಡು ಸಲ ಕೇಳಿದ್ದಳು. ಅವರಮ್ಮ ಎಲ್ಲ ಚೀಟಿಗಳನ್ನೂ ಬಾಗಿಲ ಹಿಂದೆ ಒಂದು ತಂತಿಗೆ ಚುಚ್ಚಿ ಇಡುತ್ತಾರಂತೆ. ಹದಿನೈದು ದಿನದ ಬಟವಾಡೆಯಾದಾಗ ಒಂದೊಂದೇ ತೆಗೆದು ಕೂಡಿಸುತ್ತಾರಂತೆ. ಕೊಡುತ್ತೇನೆ, ಕೊಡುತ್ತೇನೆ ಅಂತ ಮರೆತೇ ಹೋಯ್ತು.

ಮೊನ್ನೆ ಅವಳು ಕಾಲೇಜಿಗೆ ಅಂಕಪಟ್ಟಿ ತೆಗೆದುಕೊಳ್ಳಲು ಬಂದಿದ್ದಳು. ಇವತ್ತಾದರೂ ಕೊಟ್ಟುಬಿಡೋಣ ಅಂತ ಫೈಲ್ ತೆಗೆದೆ. ಚೀಟಿ ಇತ್ತು, ಅಕ್ಷರ ಇರಲಿಲ್ಲ. ಆ ಯಂತ್ರದ ಕಾಗದ ಹಾಗೇ, ವರ್ಷ ಕಳೆದರೆ ಎಲ್ಲ ಅಳಿಸಿಹೋಗುತ್ತೆ. ಬರೀ ಹಳದಿ ತಿರುಗಿದ ತುಂಡು. ನಾನು ಪೆಚ್ಚಾಗಿ ನಿಂತೆ.

"ಪರವಾಗಿಲ್ಲ ಮೇಡಂ" ಅಂದಳು. "ಅಮ್ಮ ದಿನಾ ಕ್ಯಾಲೆಂಡರ್ ಮೇಲೂ ಪೆನ್ಸಿಲ್‌ನಲ್ಲಿ ಬರೆದಿಡ್ತಾರೆ."